ಜೋಡಿಗೂಡು

ಅವಳು ಮೊದಲ ಸಲ ಬಂದಾಗ
ರೇಷ್ಮೆ ಕೇಳಲಿಲ್ಲ.
ಜೋಡಿಗೂಡು ಇದೆಯಾ ಅಂದಳು.

ಎರಡು ಹುಳ ಸೇರಿ ಒಂದೇ ಮನೆ ಕಟ್ಟಿ
ಎಳೆಗೆ ಎಳೆ ಸಿಕ್ಕಿಹಾಕಿಕೊಂಡ ಗೂಡು;
ಬಿಚ್ಚಲು ಬಾರದು, ಕಟ್ಟಿದ ಕಾಸೂ ಬಾರದು.
ಶಿಡ್ಲಘಟ್ಟದ ಮಾರ್ಕೆಟ್ಟಿನಲ್ಲಿ ಅದನ್ನೇ
ಹುಡುಕಿಕೊಂಡು ಬರುವವರು ಯಾರು?
ನಕ್ಕೆ.
ಅವಳು ಒಂದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ
"ಲವ, ಕುಶ" ಅಂದಳು.

ಹೆಸರು ಇಂದುಮತಿ. ಹಂಡಿಗನಾಳದ ಪಿಳ್ಳಪ್ಪನ ಮೊಮ್ಮಗಳು.
ಏನು ಕೆಲಸ ಅಂದರೆ ಚಿತ್ರ ಅನ್ನುತ್ತಾಳೆ,
ಕುಂಚ ಮಾತ್ರ ಯಾರೂ ಕಂಡಿಲ್ಲ.
ಕಂಡದ್ದು ಎರಡು ಪ್ರೊಜೆಕ್ಟರು, ಒಂದು ಮೈಕು,
ಬಿಸ್ಕತ್ತಿನ ಡಬ್ಬದ ತುಂಬ ವೈರು,
ಅಮ್ಜದ್ ಸಾಬರು ಬೀಗ ಜಡಿದಿದ್ದ
ಹಳೇ ಫಿಲೇಚರ್ ಶೆಡ್ಡಿನ ಕೀ.

ನಾಲ್ಕನೇ ಜ್ವರ ಎದ್ದ ಹುಳ
ಸೊಪ್ಪು ತಿನ್ನುವ ಸದ್ದು ಹಿಡಿಯಲು
ರಾತ್ರಿಯಿಡೀ ಹುಳದ ಮನೆಯಲ್ಲಿ ಕೂತಳು.
ನಾವು ಹುಟ್ಟಿದಾಗಿನಿಂದ ಕೇಳಿದ್ದೇ ಅದು:
ಶೀಟಿನ ಮೇಲೆ ಬೀಳುವ ತೆಳ್ಳನೆ ಮಳೆ.
ಅದರ ಜೊತೆಗೆ ಕೂರಿಸಲು ವಾಲಗದ ಗಂಗುಲಪ್ಪನನ್ನು ಕರೆದಳು.
"ರಾಗ ಬೇಡ ಮಾವ, ಉಸಿರು ಮಾತ್ರ ಸಾಕು."
ಅವನು ಎಲೆಯಡಿಕೆ ಉಗಿದು ಬಂದು ಕೇಳಿದ,
ಬರೀ ಉಸಿರಿಗೆ ಎಷ್ಟು ಕೊಡ್ತೀಯಮ್ಮ?

ಆಮೇಲೆ ನನ್ನ ಕೈ ಕೇಳಿದಳು.

ಕುದಿನೀರಿನಲ್ಲಿ ಇಪ್ಪತ್ತೆರಡು ವರ್ಷ ಬೆಂದ ಕೈ.
ಬೆರಳ ತುದಿಯ ಗೆರೆಯೆಲ್ಲ ಅಳಿಸಿ
ರೇಷನ್ ಅಂಗಡಿಯ ಯಂತ್ರಕ್ಕೂ
ನಾನು ಯಾರೆಂದು ಗೊತ್ತಾಗುವುದಿಲ್ಲ.
"ಆವಣಿ ಬೆಟ್ಟದ ಸೀತೆಯ ಕೈ ಇದು."
"ನನ್ನ ಹೆಸರು ಮುಬೀನಾ ಕಣಮ್ಮ."
"ಗೊತ್ತು. ಬೆಟ್ಟದ ಮೇಲೆ ಒಬ್ಬಳೇ
ಎರಡು ಮಕ್ಕಳನ್ನು ಸಾಕಿದವಳ ಕೈ
ಹೇಗಾಗಿತ್ತು ಅಂತ ಯಾರು ನೋಡಿದ್ದಾರೆ?"

ನನಗೂ ಇಬ್ಬರು.
ಅದನ್ನು ಅವಳಿಗೆ ಹೇಳಿರಲಿಲ್ಲ.

ಆ ರಾತ್ರಿ ಶೆಡ್ಡಿನ ತುಂಬ ಚಂದ್ರಿಕೆ ನೇತುಹಾಕಿದ್ದಳು.
ಬಿದಿರ ಸುರುಳಿಗಳ ಮೇಲೆ ಬೆಳಕು ಬಿಟ್ಟಾಗ,
ಹುಳ ಗೂಡುಕಟ್ಟುವ ತಟ್ಟೆಗೆ ಹಿಂದಿನವರು
ಆ ಹೆಸರು ಯಾಕಿಟ್ಟರೋ
ಈ ವಯಸ್ಸಿಗೆ ತಿಳಿಯಿತು.
ಜೋಡಿಗೂಡುಗಳು ತೂಗುತ್ತಿದ್ದವು,
ಒಂದೊಂದರ ಹಿಂದೆ ಸಣ್ಣ ಬಲ್ಬು,
ಒಳಗೆ ಇಬ್ಬಿಬ್ಬರ ನೆರಳು.
ಗಂಗುಲಪ್ಪ ಮೂಲೆಯಲ್ಲಿ ಉಸಿರಾಡುತ್ತಿದ್ದ.
ಗೋಡೆಯ ಮೇಲೆ ಬಂಡೆ, ಬಂಡೆಯಲ್ಲಿ ಬಿರುಕು,
ಬಿರುಕಿನಿಂದ ಆವಿ,
ಆವಿಯೊಳಗಿಂದ ಮನೆಯಷ್ಟು ದೊಡ್ಡ ನನ್ನ ಕೈ.

ಸೀತೆ ಭೂಮಿಗೆ ಹೋಗ್ತಾ ಇದಾಳೆ, ಹಿಂದೆ ಯಾರೋ ಪಿಸುಗುಟ್ಟಿದರು.
ಹೋಗುವುದೆಲ್ಲಿಗೆ?
ಬಾಣಲೆಯ ನೀರೊಳಗೆ ಎಳೆಯ ತುದಿ ಹುಡುಕುತ್ತಿದ್ದಾಳೆ,
ಸಂಜೆಯೊಳಗೆ ಇನ್ನೂ ಎರಡು ಕೇಜಿ ಬಿಚ್ಚಬೇಕು.

ಆಗ ಕಂಡಿತು.
ಎಡಗಡೆ, ಮೂರನೇ ಎಳೆ, ತುಂಡು.
ಅವಳಿಗೆ ಕಂಡಿಲ್ಲ, ಕ್ಯಾಮೆರಾಗೂ ಕಂಡಿಲ್ಲ.
ಆವತ್ತು ನನಗೇ ಹೇಗೆ ತಪ್ಪಿತೋ.
ಕೂತವರ ಮೊಣಕಾಲು ದಾಟಿಕೊಂಡು ಹೋಗಿ
ಗೋಡೆಗೆ ಕೈಚಾಚಿದೆ.
ನನ್ನ ಕೈಯ ನೆರಳು ನನ್ನ ಕೈಯ ಮೇಲೆ ಬಿತ್ತು.
ಸುಣ್ಣವನ್ನು ಹಿಸುಕಿದೆ, ಸೇರಿಸಿದೆ,
ಸೇರಿತೋ ಇಲ್ಲವೋ ಎಂದು ಎಳೆದು ನೋಡಿದೆ.

ಗಂಗುಲಪ್ಪನ ಉಸಿರು ಅಲ್ಲಿಗೇ ನಿಂತಿತ್ತು.
ಹುಳಗಳು ಮಾತ್ರ ತಿನ್ನುತ್ತಿದ್ದವು.

ಕತ್ತಲಿಂದ ಇಂದುಮತಿ ಕೇಳಿದಳು, ಎಲ್ಲಿ?

ಇಲ್ಲಿ ಅಂದೆ.