ಸವುಳು

ಸೇಡಂ ರೋಡಿನ ಪ್ರಯೋಗಾಲಯದಲ್ಲಿ
ಮೇ ತಿಂಗಳ ಎರಡನೇ ವಾರ, ಕರೆಂಟು ಬಂದ ಗಳಿಗೆ ನೋಡಿ
ಮಣಿಯನ್ನು ಚಿಮಟದಲ್ಲಿ ಹಿಡಿದೆ.
ಜೋಳದ ಕಾಳಿಗಿಂತ ಸಣ್ಣದು,
ನೆನೆಹಾಕಿದ ಒಣಮೆಣಸಿನಕಾಯಿಯ ಕೆಂಪು.
ಭೀಮೆಯ ದಂಡೆಯ ದಿಬ್ಬ, ಮೂರನೇ ಗುಂಡಿ, ಬೂದಿಪದರ:
ಚೀಟಿಯಲ್ಲಿ ನನ್ನದೇ ಅಕ್ಷರ.

ಸೂಕ್ಷ್ಮದರ್ಶಕದಡಿ ಮೊದಲು ಕಂಡದ್ದು ಗುಳ್ಳೆ.
ಉದ್ದುದ್ದ, ದಾರ ಹೋಗುವ ದಿಕ್ಕಿಗೇ ಮಲಗಿದ್ದವು.
ಅಂದರೆ ಯಾರೋ ಎಳೆದಿದ್ದಾರೆ,
ಬೆಲ್ಲದ ಪಾಕ ಎಳೆದಂತೆ, ಕೊಳವೆಯಾಗಿ,
ಬೆನ್ನು ಹಿಂದಾಗಿ ಓಡುತ್ತ.
ಆ ಓಟ ಇನ್ನೂ ಒಳಗಿದೆ.

ಎಕ್ಸ್‌ರೇ ಬಿದ್ದದ್ದೇ
ಧಾತುಗಳು ಒಂದೊಂದಾಗಿ ಹಾಜರಿ ಹೇಳಿದವು.
ಕಬ್ಬಿಣ. ಕ್ಯಾಲ್ಸಿಯಂ.
ಅಲ್ಯುಮಿನಿಯಂ, ಕ್ಷೀಣ ದನಿ, ಆದರೂ ಬೇಕಾದ್ದಕ್ಕಿಂತ ಜಾಸ್ತಿ:
ತೊಳೆಯದ ಹೊಳೆಯುಸುಕೇ ಎಂದು ಬರೆದುಕೊಂಡೆ.
ತಾಮ್ರ, ನೂರಕ್ಕೆ ಎರಡು.
ಪಕ್ಕದ ಡಬ್ಬಿಯ ಹಸಿರುನೀಲಿ ಮಣಿಗೂ
ಹೆಚ್ಚುಕಡಿಮೆ ಅಷ್ಟೇ ತಾಮ್ರ.
ಗಾಳಿ ಸಿಕ್ಕರೆ ನೀಲಿ.
ಕುಲುಮೆಯ ಬಾಯಿ ಮುಚ್ಚಿ, ಹೊಗೆ ಕುಡಿಸಿ,
ಉಸಿರು ಕಟ್ಟಿಸಿದರೆ ಕೆಂಪು.
ಎಷ್ಟು ಹೊತ್ತು ಮುಚ್ಚಬೇಕೆಂದು ಬಲ್ಲವನು
ಅಳತೆ ಬಿಟ್ಟುಹೋಗಿಲ್ಲ.

ಸೋಡಿಯಂ ಮಾತ್ರ ಕೇಳಿಸಲಿಲ್ಲ.
ಹಗುರ ಧಾತು; ಅದರ ದನಿ
ಮಣಿಗೂ ಯಂತ್ರಕ್ಕೂ ನಡುವಿನ
ಬೆರಳಗಲ ಗಾಳಿಯಲ್ಲೇ ಇಂಗಿಹೋಗುತ್ತದೆ.
ಉಸುಕು ಕರಗಲು ಏನೋ ಬೆರೆಸಿರಲೇಬೇಕು.
ಆ ಖಾನೆಯಲ್ಲಿ ಅಡ್ಡಗೆರೆ ಎಳೆದೆ.

ಕಸ ಹೊಡೆಯಲು ಬಂದ ಮಡಿವಾಳರ ತಿಪ್ಪವ್ವ
ಮೇಜಿನ ಮೇಲಿನ ಮಣ್ಣಿನ ಪೊಟ್ಟಣ ನೋಡುತ್ತ
ಏಳನೆಯದರ ಮುಂದೆ ನಿಂತಳು. ಬೆಳ್ಳಗೆ ಹರಳುಗಟ್ಟಿದ್ದು.
ಬೇಡ ಅನ್ನುವ ಮೊದಲೇ ಚಿಟಿಕೆ ನಾಲಗೆ ಸೇರಿತ್ತು.
"ಸವುಳು ರೀ ಇದು. ನಮ್ಮವ್ವ ಇದರಾಗೇ
ಊರ ಮಂದೀದು ಧೋತ್ರ ಒಗೀತಿದ್ದಳು.
ಹಳ್ಳದ ದಂಡಿಗಿ ತಾನೇ ಏಳ್ತದ.
ನಸುಕಿನ್ಯಾಗ ಬಳಕೊಂಡು ಬರಬೇಕು,
ಬಿಸಿಲೇರಿ ಗಾಳಿ ಎದ್ದರ ಮುಗೀತು, ಹಾರಿಹೋಗ್ತದ."
ಗಾಜು ಮಾಡುತ್ತಿದ್ದರಾ ಇದರಿಂದ, ಕೇಳಿದೆ.
"ಅದೇನ್ ಗೊತ್ತ್ರೀ ನಮಗ. ಕೊಳಿ ಹೋದ್ರ ಸಾಕಿತ್ತು."

ಇದು ಪುರಾವೆಯೆನಿಸದು.
ಪೊಟ್ಟಣ ಹೈದರಾಬಾದಿನ ದೊಡ್ಡ ಯಂತ್ರಕ್ಕೆ ಹೋಗಬೇಕು,
ಮೂರು ತಿಂಗಳು, ಮೇಲೆ ಅದರ ಬಿಲ್ಲು.
ಆದರೂ ಗೆರೆಯ ಪಕ್ಕ ಪೆನ್ಸಿಲ್ಲಿನಲ್ಲಿ
ಸವುಳು ಎಂದು ಬರೆದು, ಪ್ರಶ್ನೆಯ ಕೊಂಡಿ ಹಾಕಿ, ಕೆಳಗೆ
'ಹೇಳಿದವರು: ತಿಪ್ಪವ್ವ. ವಿಧಾನ: ನಾಲಗೆ' ಎಂದು ಸೇರಿಸಿದೆ.

ಅಷ್ಟರಲ್ಲಿ ಕರೆಂಟು ಹೋಯಿತು.
ಮಣಿಯನ್ನು ಕಿಟಕಿಗೆ ಹಿಡಿದೆ.
ಬೆಳಕನ್ನು ಅದು ಒಳಗೆ ಬಿಟ್ಟುಕೊಳ್ಳಲಿಲ್ಲ.
ತೂತಿನಲ್ಲಿ ಮಾತ್ರ
ಸೂಜಿಯಗಲ ಬಿಸಿಲು.