ಮಾನಪತ್ರದ ಕರಡು

ರಿಜಿಸ್ಟ್ರಾರರ ಫೋನು: ಮೇಷ್ಟ್ರೇ,
ಭಾನುವಾರ ನವುಲೆಯಲ್ಲಿ ಡಾಕ್ಟರ್ ದೇವೀರಮ್ಮನವರಿಗೆ ಸನ್ಮಾನ.
ಗಾಂಧಿ ಬಜಾರಿನಿಂದ ಚೌಕಟ್ಟು ಆಗಲೇ ಬಂದಿದೆ,
ಹದಿನೆಂಟಿಂಚು ಅಗಲ,
ಅದು ತುಂಬುವಷ್ಟು ಹೊಗಳಿಕೆ ಬೇಕು.

ಬರೆದೆ.
ಕೃಷಿ ರಸಾಯನದ ಧ್ರುವತಾರೆ,
ಭೂತಾಯಿಯ ಹೆಮ್ಮೆಯ ಮಗಳು,
ಮಲೆನಾಡಿನ ಕಿರೀಟಕ್ಕೆ ಇನ್ನೊಂದು ಗರಿ.
ಓದಿಕೊಂಡರೆ, ಹೋದ ವರ್ಷ ನಿವೃತ್ತರಾದ ಡಿವೈಎಸ್ಪಿಗೆ ಬರೆದದ್ದರಲ್ಲಿ
ಹೆಸರೊಂದು ಬದಲಾಯಿಸಿದ ಹಾಗಿತ್ತು.

ಸ್ಕೂಟರು ಹತ್ತಿ ಹೋದೆ. ಅಮ್ಮಾವ್ರು ಇರಲಿಲ್ಲ.
ಇದ್ದದ್ದು ಅಟೆಂಡರ್ ಸೋಮ್ಲಾ ನಾಯ್ಕ,
ಮೊಣಕೈವರೆಗೂ ಕೆಂಪು.
ಗೋಣಿತಾಟಿನ ಮೇಲೆ ಮಣ್ಣು ಸುರುವಿ
ರೊಟ್ಟಿ ತಟ್ಟಿದಂತೆ ತಟ್ಟಿ ಹರಡಿ
ಬೆರಳಲ್ಲಿ ಕೂಡುವ ಗುರುತು ಎಳೆದ.
ನಾಲ್ಕು ಪಾಲು.
ಎದುರುಬದುರಿನ ಎರಡನ್ನು ಬಾಚಿ ಕಿಟಕಿಯಾಚೆ ಚೆಲ್ಲಿದ.
ಉಳಿದದ್ದನ್ನು ಮತ್ತೆ ಕಲಸಿ, ಮತ್ತೆ ಗುರುತು,
ಮತ್ತೆ ಎರಡು ಪಾಲು ಹೊರಗೆ.

ಚೆಲ್ಲಿದ್ದೂ ಅದೇ ಮಣ್ಣಲ್ಲವೇನಪ್ಪಾ?
ಅದೇ ಸಾ. ಆದ್ರೆ ಉಳಿಯೋ ಅರ್ಧ ಕೇಜಿ
ಇಡೀ ಗದ್ದೆ ಪರವಾಗಿ ಮಾತಾಡ್ಬೇಕು.

ಗೂಟಕ್ಕೆ ನೇತುಬಿದ್ದ ಬಟ್ಟೆಚೀಲಗಳು:
ಕುಂಸಿ, ಕೋಣಂದೂರು, ಹುಂಚದಕಟ್ಟೆ,
ಒಂದರ ಚೀಟಿಯಲ್ಲಿ ಊರಿಲ್ಲ, ಬರೀ
‘ಹೊಳೆ ಪಕ್ಕದ್ದು, ಹಾಲವ್ವಂದು.’

ಅಮ್ಮಾವ್ರು ಕಂಡುಹಿಡಿದದ್ದೇನು?
ಹುಳಿ ಸಾ, ಎಂದ. ನಮ್ ಕಡೆ ಮಣ್ಣೇ ಹುಳಿ.
ರಂಜಕ ಹಾಕಿದ್ರೆ ಕಬ್ಬಿಣ ಹಿಡ್ಕೊಂಡು ಕೂರುತ್ತೆ,
ಜಿಪುಣನ ತಿಜೋರಿ. ಇದೆ, ಕೊಡಲ್ಲ.
ಮೂಟೆ ಮೇಲೆ ಮೂಟೆ ಸುರೀತಿದ್ರು ಜನ,
ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.
ಯಾವ ಗದ್ದೆಗೆ ಎಷ್ಟು ಸುಣ್ಣ ಅಂತ ಹೇಳೋದಕ್ಕೆ
ಹತ್ತೊಂಬತ್ತು ವರ್ಷ ಹಿಡೀತು.

ಮಣ್ಣು ಕದಡಿ, ಸೋಸಿ, ತಿಳಿಯಾದ ನೀರಿಗೆ
ಏನೋ ನಾಲ್ಕು ಹನಿ ಬಿಟ್ಟ.
ಕೆಂಪಿನ ಹೊಟ್ಟೆಯಿಂದ ನೀಲಿ ಎದ್ದಿತು,
ಮೊದಲು ಇದೆಯೋ ಇಲ್ಲವೋ ಎಂಬಷ್ಟು,
ಆಮೇಲೆ ಬಿಳಿಪಂಚೆಗೆ ಅದ್ದುವ ನೀಲಿಯಷ್ಟು.
ಎಷ್ಟು ನೀಲಿಯೋ ಅಷ್ಟು ಕೊಡುತ್ತಂತೆ ನೆಲ.
ಮೂವತ್ತು ವರ್ಷ ಉಪಮೆ ಪಾಠ ಮಾಡಿದವನು
ಬಾಯಿ ಮುಚ್ಚಿ ನೋಡುತ್ತ ನಿಂತೆ.

ಹೊರಡುವಾಗ ಅವನೇ ಹೇಳಿದ, ಗಾಜು ತೊಳೆಯುತ್ತ,
ನನ್ನ ಮುಖ ನೋಡದೆ:
ನಡುವೆ ಮೂರು ವರ್ಷದ ಲೆಕ್ಕ ತಪ್ಪಿತ್ತು ಸಾ. ತಕ್ಕಡಿ ಕೆಟ್ಟಿತ್ತು.
ಯಾರಿಗೂ ಗೊತ್ತಿರಲಿಲ್ಲ. ಪ್ರಶಸ್ತಿ ಒಂದು ಆಗಲೇ ಬಂದಿತ್ತು.
ಅವರೇ ಹಿಡಿದರು. ಒಂದು ರಾತ್ರಿ ಇಲ್ಲೇ ಸ್ಟೂಲ್ ಮೇಲೆ ಕೂತಿದ್ದರು,
ಚಾ ತಂದಿಟ್ಟೆ, ಕುಡೀಲಿಲ್ಲ.
ಬೆಳಿಗ್ಗೆ ನೂರ ನಲವತ್ತು ಕಾರ್ಡು ತರಿಸಿದರು.
ತಪ್ಪು ಚೀಟಿ ಹೋದ ಮನೆಮನೆಗೂ, ತಮ್ಮ ಕೈಯಲ್ಲೇ:
ನಾನು ಹೇಳಿದ ಅಳತೆ ತಪ್ಪು. ಸುಣ್ಣ ಹಾಕಬೇಡಿ, ತಡೆಯಿರಿ.

ಮನೆಗೆ ಬಂದು ಕರಡಿನ ಮೇಲೆ ಕೂಡುವ ಗುರುತು ಎಳೆದೆ.
ಧ್ರುವತಾರೆ ಹೊರಗೆ. ಎದುರಿಗಿದ್ದ ಕಿರೀಟ, ಗರಿ ಹೊರಗೆ.
ಮತ್ತೆ ಕಲಸಿದೆ. ಭೂತಾಯಿಯನ್ನು ಬಿಡಲು ಕೈ ಬರಲಿಲ್ಲ,
ಬಿಟ್ಟೆ.
ಕೊನೆಗೆ ಉಳಿದದ್ದು ಮೂರು ಸಾಲು.
ಚೌಕಟ್ಟಿನಲ್ಲಿ ಇಷ್ಟು ಬಿಳಿ ಜಾಗವೇ, ಎಂದರು ರಿಜಿಸ್ಟ್ರಾರರು,
ನಾಲ್ಕು ಮೂಲೆಗೂ ಭತ್ತದ ತೆನೆ ಅಚ್ಚು ಹಾಕಿಸಿದರು.

ಭಾನುವಾರ. ಶಾಲು, ಫಲತಾಂಬೂಲ, ಚಪ್ಪಾಳೆ.
ಮಾನಪತ್ರ ಓದಿ ಕೈಗಿತ್ತಾಗ
ಅಮ್ಮಾವ್ರು ಕನ್ನಡಕ ಹಣೆಗೇರಿಸಿ
ಪರೀಕ್ಷೆಯ ಉತ್ತರಪತ್ರಿಕೆ ಹಿಡಿದಂತೆ ಹಿಡಿದು
ಮೆಲ್ಲಗೆ, ನನಗಷ್ಟೇ ಕೇಳುವಂತೆ,

ನೂರ ನಲವತ್ತು ಮನೆಗೆ ತಿಳಿಸಲಿಲ್ಲ, ಮೇಷ್ಟ್ರೇ.
ನೂರ ಮೂವತ್ತೊಂಬತ್ತು.
ಒಂದು ಕಾರ್ಡು ವಾಪಸು ಬಂತು.
ಪೆನ್ನಿದೆಯಾ?