ಅರ್ಕಾವತ್ತು

ಹನ್ನೊಂದು ವರ್ಷ
ಪರದೆಯ ಬಲಮೂಲೆಯಲ್ಲಿ ಅದೇ ಒಂದು ಸಾಲು:
ಈ ಪ್ರತಿ ಅಸಲಿಯಲ್ಲ.
ಬೀಗರೌತಣದ ಕಾರ್ಡು ಮಾಡಿಸಲು ಬಂದವರು
ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂರುತ್ತಾರೆ,
ಕಾಣದಿರಲೆಂದು
ಗಣಪತಿಯ ಸ್ಟಿಕ್ಕರು ಅಂಟಿಸಿದ್ದೆ.

ಮೊದಲು ಅದು ಸಕ್ಕರೆ ಕಾರ್ಖಾನೆಯ ತೂಕದ ಕೋಣೆಯಲ್ಲಿತ್ತು.
ಕಬ್ಬಿನ ಲಾರಿ ಹತ್ತಿ ಇಳಿದದ್ದನ್ನೆಲ್ಲ ಬರೆದುಕೊಂಡು
ಹರಾಜಿಗೆ ಬಂದಾಗ ಎರಡೂವರೆ ಸಾವಿರಕ್ಕೆ ನನ್ನದಾಯಿತು.
ಬಿಚ್ಚಿದರೆ ಇವತ್ತಿಗೂ ಒಳಗೆ
ತರಗಿನ ಪುಡಿ, ಸತ್ತ ಕಟ್ಟಿರುವೆ.

ಈಚೆಗೆ, ಸ್ವಿಚ್ಚು ಒತ್ತಿ
ಪೇಟೆ ಬೀದಿಯ ಕೊನೆವರೆಗೆ ಹೋಗಿ ಟೀ ಕುಡಿದು ಬಂದರೂ
ನೀಲಿ ಚಕ್ರ ಸುತ್ತುತ್ತಲೇ ಇರುತ್ತಿತ್ತು.
'ಗುಜರಿಗಾಕಣ್ಣ' ಅಂದ ರಿಪೇರಿಯವನು.

ಶಬೀನಾ ಬಂದಳು, ಗುತ್ತಲಿನವಳು, ಪಾಲಿಟೆಕ್ನಿಕ್ ಎರಡನೇ ವರ್ಷ,
ಪ್ರಾಜೆಕ್ಟ್ ರಿಪೋರ್ಟು ಬೈಂಡ್ ಮಾಡಿಸಲು.
ಐಡಿ ಕಾರ್ಡಿನ ದಾರದಲ್ಲೇ ನೇತಾಡುತ್ತಿತ್ತು
ಹೆಬ್ಬೆಟ್ಟಿನುದ್ದದ ಪೆನ್‌ಡ್ರೈವು.
'ಇದ್ರಲ್ಲೈತೆ ಅಂಕಲ್. ದುಡ್ಡಿಲ್ಲ ಕಾಸಿಲ್ಲ. ಹಾಕ್ಕೊಡ್ಲಾ?'

ಪುಗಸಟ್ಟೆ ಅಂದರೆ ನಮ್ಮ ಕಡೆ ಅನುಮಾನ ಜಾಸ್ತಿ.
ಯಾರದ್ದು? ಅಂದೆ.
ಎಲ್ಲರದ್ದೂ, ಅಂದಳು.
ಎಲ್ಲರದ್ದೂ ಅಂದರೆ ಯಾರದ್ದೂ ಅಲ್ಲ ಕಣಮ್ಮ, ಗುಂಡುತೋಪಿನ ಹಾಗೆ.
'ಗುಂಡುತೋಪಿನ ಮರ ಯಾರು ನೆಟ್ಟಿದ್ರು ಅಂಕಲ್?'
ಉತ್ತರ ಹೊಳೆಯುವಷ್ಟರಲ್ಲಿ
ಹಳೆ ಫೈಲೆಲ್ಲ ಬೇರೆ ಕಡೆ ಎತ್ತಿಟ್ಟು
ಎಂಟರ್ ಒತ್ತಿಯಾಗಿತ್ತು.

ಅರವತ್ತೆರಡು ಪರ್ಸೆಂಟಿಗೆ ಕರೆಂಟು ಹೋಯಿತು.
ಯುಪಿಎಸ್ಸು ಕೀಂ ಕೀಂ ಎಂದು ಕೂಗತೊಡಗಿತು.
ಲಗ್ನಪತ್ರಿಕೆಯ ರಟ್ಟಿನಲ್ಲಿ ಗಾಳಿ ಬೀಸಿಕೊಳ್ಳುತ್ತ
ನಾನು ಅಂಕಿ ಎಣಿಸಿದೆ.
ಅವಳು ಏನೂ ಎಣಿಸದೆ ಕಳ್ಳೇಕಾಯಿ ಬಿಡಿಸಿದಳು.
ತೊಂಬತ್ತೊಂದು. ತೊಂಬತ್ತೊಂಬತ್ತು.
ಮುಖ ತೊಳೆದುಕೊಂಡಂತೆ ಎದ್ದಿತು ಮಿಷನ್ನು.

ಹತ್ತು ವರ್ಷ ದೇವರ ಪಟದ ಹಿಂದೆ ಕಾಪಾಡಿದ್ದ
ಪ್ರಿಂಟರಿನ ಸೀಡಿಯನ್ನು ಯಾರೂ ಕೇಳಲಿಲ್ಲ.

ಆಮೇಲೆ ಹಳೆ ಫೈಲು ತೆರೆದೆ.
ನಾನೂರು ಮದುವೆ, ಅಷ್ಟೇ ಬೀಗರೌತಣ, ಲೆಕ್ಕವಿಡದಷ್ಟು ತಿಥಿ,
ಎಲ್ಲರ ಹೆಸರೂ ಇಂಗ್ಲಿಷ್ ಅಕ್ಷರಗಳಾಗಿ
ತಲೆಗೆ ಟೋಪಿ, ಕಾಲಿಗೆ ಬಾಲ ಸಿಕ್ಕಿಸಿಕೊಂಡು
ನನ್ನನ್ನೇ ನೋಡುತ್ತಿವೆ.
'ಮೊದ್ಲಿಂದ್ಲೂ ಹಂಗೇ ಇದ್ವು ಅಂಕಲ್.
ಮೇಲೆ ಫಾಂಟು ಕನ್ನಡದ ಮುಖವಾಡ ಹಾಕಿತ್ತು ಅಷ್ಟೆ.'

ಅಸಲಿಯಲ್ಲದ್ದು ಬಲಮೂಲೆಯಲ್ಲಿ ಮಾತ್ರ ಇರಲಿಲ್ಲ ಹಾಗಾದರೆ.

ಅವಳು ಇನ್ನೇನೋ ಓಡಿಸಿದಳು. ಎಲ್ಲ ಕನ್ನಡಕ್ಕೆ ತಿರುಗಿತು,
ಬಹುಪಾಲು.
ಒಂದು ಕಡೆ 'ಮುಹೂತರ್'.
ಇನ್ನೊಂದು ಕಡೆ 'ಧಮರ್ಪತ್ನಿ'.
ತಿಥಿಯ ಕಾರ್ಡಿನಲ್ಲಿ ಯಾರೋ ಪಾಪ 'ಕೀತಿರ್ಶೇಷ'ರಾಗಿದ್ದರು.

ಅವಳಿಗೆ ಅದು ತಪ್ಪು. ನನಗೆ ಹಳೆಯ ಪರಿಚಯ.
ಮೀಸೆ ಚಿಗುರಿದ ವಯಸ್ಸಿನಲ್ಲಿ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವಾಗ
ಅರ್ಕಾವತ್ತಿಗೆ ಬೇರೆಯೇ ಖಾನೆ.
ಬಾಯಿ ಮೊದಲು ಹೇಳುವ ರಕಾರವನ್ನು
ಕೈ ಕೊನೆಗೆ ಇಡುತ್ತಿತ್ತು.
ಸೀಸದ ಆ ರೂಢಿ
ಮೊಳೆಯಿಂದ ಫಾಂಟಿಗೆ, ಫಾಂಟಿನಿಂದ ಇಲ್ಲಿಗೆ
ಟಿಕೆಟ್ಟಿಲ್ಲದೆ ಬಂದು ಕೂತಿದೆ.

ಬೈಂಡಿಂಗಿನ ನೂರಿಪ್ಪತ್ತು ಬೇಡವೆಂದೆ.
'ಅದೇ ಬೇರೆ, ಇದೇ ಬೇರೆ' ಎಂದು
ಟೇಬಲ್ಲಿನ ಮೇಲೆ ಇಟ್ಟೇ ಹೋದಳು.

ಈಗ ರಾತ್ರಿ ಶಟರು ಅರ್ಧ ಇಳಿಸಿ
ದಿನಕ್ಕೆ ಹತ್ತು ಫೈಲು ತಿದ್ದುತ್ತೇನೆ.
ಆ ಕಾರ್ಡುಗಳನ್ನು ಇನ್ನು ಯಾರೂ ಕೇಳುವುದಿಲ್ಲ.
ಮುಹೂರ್ತ ಮುಗಿದು, ಮಕ್ಕಳಾಗಿ, ಅವು ಸ್ಕೂಲು ಸೇರಿವೆ.
ಆದರೂ ರಕಾರದ ಕಿವಿ ಹಿಡಿದು
ಚೌಕಾಬಾರದ ಕಾಯಿಯಂತೆ
ಒಂದು ಮನೆ ಹಿಂದಕ್ಕೆ ನಡೆಸುತ್ತೇನೆ.

ನಿನ್ನೆ ಗಣಪತಿ ಸ್ಟಿಕ್ಕರು ಕೀಳಲು ಹೋದೆ.
ಅರ್ಧ ಬಂತು, ಸೊಂಡಿಲು ಉಳಿಯಿತು.
ಇರಲಿ. ಆ ಜಾಗದಲ್ಲಿ ಈಗ ಗಡಿಯಾರ.
ಸೊಂಡಿಲ ಸಂದಿಯಲ್ಲಿ ಇಣುಕಿದರೆ
ಹತ್ತೂ ಕಾಲು.